ಸ್ಲೈಡಿನ ಮೇಲೊಂದು ಕೊಡೆ

ನನಗೆ ಪಾರ್ಶ್ವವಾಯು ಬಡಿದದ್ದು ಬನಶಂಕರಿಯ ಒಂದು ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ. ಅಲ್ಲಿಗೆ ರೋಗಿಯಾಗಿ ಹೋಗಿರಲಿಲ್ಲ, ಮಂಚ ಮಾರಲು ಹೋಗಿದ್ದೆ. ಆಸ್ಪತ್ರೆಗಳಿಗೆ ಮಂಚ, ಸ್ಟ್ರೆಚರ್, ಸಲೈನ್ ಸ್ಟ್ಯಾಂಡು ಮಾರುವುದು ಇಪ್ಪತ್ತು ವರ್ಷಗಳಿಂದ ನನ್ನ ಕೆಲಸವಾಗಿತ್ತು. ಜಯನಗರದಿಂದ ಉತ್ತರಹಳ್ಳಿಯವರೆಗೆ ನಾನು ಕಾಲಿಡದ ನರ್ಸಿಂಗ್ ಹೋಮ್ ಇರಲಿಲ್ಲ. ಬಿದ್ದ ಜಾಗ ಆಸ್ಪತ್ರೆಯೇ ಆಗಿದ್ದರಿಂದ ಬದುಕಿಕೊಂಡೆ ಎಂದು ಎಲ್ಲರೂ ಹೇಳಿದರು. ಬಲಗೈ ಒಂದೆರಡು ತಿಂಗಳಲ್ಲಿ ಸರಿಹೋಯಿತು. ಕಾಲೂ ಸರಿಹೋಯಿತು. ಮಾತು ಮಾತ್ರ ಪೂರ್ತಿಯಾಗಿ ವಾಪಸು ಬರಲಿಲ್ಲ.

ನಾಲಿಗೆಯೇನೂ ತೊದಲುವುದಿಲ್ಲ. ವಾಕ್ಯ ಚೆನ್ನಾಗಿಯೇ ಹೊರಡುತ್ತದೆ, ನಡುವೆ ಒಂದು ಪದದ ಜಾಗ ಖಾಲಿ ಇರುತ್ತದೆ. ಸೌಟು ಕೈಯಲ್ಲೇ ಇರುತ್ತದೆ, ಅದರಿಂದ ಸಾರು ಬಡಿಸುತ್ತಲೂ ಇರುತ್ತೇನೆ, ಅದರ ಹೆಸರು ಬರುವುದಿಲ್ಲ. ಕೆಲವು ಸಲ ಆ ಖಾಲಿ ಜಾಗಕ್ಕೆ ಬೇರೆ ಯಾವುದೋ ಪದ ಬಂದು ಕೂತುಬಿಡುತ್ತದೆ. ಹೆಂಡತಿಗೆ ಬಾಗಿಲು ಹಾಕು ಎನ್ನಲು ಹೋಗಿ ಹಾಲು ಹಾಕು ಎಂದಿದ್ದೇನೆ. ಬರೆಯುವಾಗ ಇಷ್ಟು ಕಷ್ಟವಿಲ್ಲ, ಪದ ಬರುವವರೆಗೆ ಪೆನ್ನು ಹಿಡಿದು ಕೂರಬಹುದು.

ಕಂಪನಿಯವರು ಕೆಲವು ತಿಂಗಳು ನೋಡಿದರು. ನನ್ನ ಹಳೆಯ ಗಿರಾಕಿಗಳೂ ನೋಡಿದರು, ಆಮೇಲೆ ನನ್ನ ಬದಲು ನನ್ನ ಸಹೋದ್ಯೋಗಿಗೆ ಫೋನ್ ಮಾಡತೊಡಗಿದರು. ಒಂದು ಮಧ್ಯಾಹ್ನ ಮ್ಯಾನೇಜರ್ ನನಗೆ ಕಾಫಿ ಕುಡಿಸಿ, ದಕ್ಷಿಣ ಬೆಂಗಳೂರಿನ ಟೀಮನ್ನು ಹೊಸದಾಗಿ ಕಟ್ಟುತ್ತಿದ್ದೇವೆ ಎಂದರು. ಆ ಹೊಸ ಟೀಮಿನಲ್ಲಿ ನಾನಿಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನಾನು ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಸಂದರ್ಶನವೆಂದರೆ ಮೇಜಿನ ಆಚೆ ಈಚೆ ಇಬ್ಬರು ಕೂತು ಮಾತಾಡುವುದು. ಅನುಮಾನವಿದ್ದರೆ ಒಂದು ದಿನ ಮಾರ್ಕೆಟ್ ಸುತ್ತಿಸಿ ನೋಡುತ್ತಿದ್ದರು. ಈಗ ಎಲ್ಲಿ ಅರ್ಜಿ ಹಾಕಿದರೂ ಕೊನೆಗೊಂದು ಪ್ರೆಸೆಂಟೇಷನ್ ಇರುತ್ತದೆ. ಮೊದಲ ಮೂರು ತಿಂಗಳು ಏನು ಮಾಡುತ್ತೀರಿ, ನಮ್ಮ ಸಾಮಾನನ್ನು ಯಾರಿಗೆ ಹೇಗೆ ಮಾರುತ್ತೀರಿ ಎಂದು ಸ್ಲೈಡ್ ಹಾಕಿ, ಎದ್ದು ನಿಂತು ಹದಿನೈದು ನಿಮಿಷ ಹೇಳಬೇಕು. ಆಮೇಲೆ ಅವರು ಪ್ರಶ್ನೆ ಕೇಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ಜನರೆದುರು ನಿಂತು ಮಾತಾಡಲಾಗದವನು ಏನು ಮಾರಿಯಾನು? ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಕೇಳುತ್ತಿದ್ದೆ.

ಜೆ.ಪಿ. ನಗರದ ಒಂದು ಕಂಪನಿ ಕರೆಯಿತು. ಮನೆಯಲ್ಲೇ ಮಲಗಿರುವ ರೋಗಿಗಳಿಗೆ ಮಂಚ, ಗಾಲಿಕುರ್ಚಿ ಒದಗಿಸುವವರು. ನನ್ನ ಅನುಭವ ನೋಡಿ ಫೋನಿನಲ್ಲಿ ಖುಷಿಯಿಂದ ಮಾತಾಡಿದರು. ನಾನು ಹೂಂ, ಸರಿ ಎಂದಷ್ಟೇ ಹೇಳಿ ಪಾರಾದೆ.

ನನ್ನ ಹೆಂಡತಿ ಗಿರಿನಗರದ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತಾಳೆ. ಚಿತ್ರ ನೋಡಿದರೆ ನನಗೆ ಪದ ಬೇಗ ಸಿಗುತ್ತದೆ ಎಂಬುದನ್ನು ಮೊದಲು ಗಮನಿಸಿದವಳು ಅವಳೇ. ಹಾಗಾಗಿ ಸ್ಲೈಡುಗಳ ಮೂಲೆಯಲ್ಲಿ ಚಿತ್ರಗಳನ್ನು ಅಂಟಿಸಿದೆವು. ಡೆಲಿವರಿಗೆ ಒಂದು ಲಾರಿ. ಕಂತಿಗೆ ಕತ್ತರಿಸಿದ ಹಣ್ಣು. ವಾರಂಟಿ ಎಂಬ ಪದ ನನಗೆ ಸಿಗುತ್ತಲೇ ಇರಲಿಲ್ಲ. ಅದಕ್ಕೆ ಅವಳು ಕೊಡೆ ಹಾಕಿದಳು. ಏನು ಕೆಟ್ಟರೂ ಗಿರಾಕಿ ಮಳೆಯಲ್ಲಿ ನೆನೆಯುವುದಿಲ್ಲ ಎಂದು ನೆನಪಿಟ್ಟುಕೊಳ್ಳಿ ಎಂದಳು. ಆ ಪದಗಳನ್ನು ಸ್ಲೈಡಿನ ಮೇಲೆ ಬರೆದೇಬಿಡಬಹುದಿತ್ತು. ಆದರೆ ಅಕ್ಷರಗಳು ನನ್ನ ಬಾಯಿಗೆ ತಲುಪುವಷ್ಟರಲ್ಲಿ ವಾಕ್ಯವೇ ಮರೆತುಹೋಗಿರುತ್ತಿತ್ತು.

ಅವಳು ಶಾಲೆಯಿಂದ ಬಂದು ಕಾಲು ತೊಳೆದು ಕುರ್ಚಿಯ ಮೇಲೆ ಕೂರುತ್ತಿದ್ದಳು. ನಾನು ಟಿ.ವಿ.ಯ ಪಕ್ಕ ನಿಂತು ಶುರು ಮಾಡುತ್ತಿದ್ದೆ. ಮಧ್ಯೆ ತಪ್ಪಿದರೆ ಸಹಾಯಕ್ಕೆ ಬರುತ್ತಿರಲಿಲ್ಲ, ಕಂಪನಿಯವರ ಮುಖ ಮಾಡಿಕೊಂಡು ಸುಮ್ಮನಿರುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಪೂರ್ತಿ ಪಾಠ ಬಾಯಿಗೆ ಬಂತು. ಆದರೆ ಅವಳು ಕೇಳುತ್ತಿದ್ದ ಪ್ರಶ್ನೆಗಳಿಗೆ ಹೇಳುತ್ತಿದ್ದ ಉತ್ತರಗಳು ದಿನಕ್ಕೊಂದು ಥರ ಇರುತ್ತಿದ್ದವು.

ಕಾಯಿಲೆಯ ವಿಷಯ ಮೊದಲೇ ಹೇಳಿಬಿಡೋಣ ಎಂಬುದು ಅವಳ ಅಭಿಪ್ರಾಯ. ನಾನು ಬೇಡವೆಂದೆ. ಹೇಳಿದರೆ ಆ ಕೋಣೆಯೊಳಗೇ ಕರೆಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಅವಳು ವಾದ ಮಾಡಲಿಲ್ಲ. ಪ್ರೆಸೆಂಟೇಷನ್ನಿನ ದಿನ ಶಾಲೆಗೆ ರಜೆ ಹಾಕಿ ನನ್ನ ಜೊತೆ ಆಟೋ ಹತ್ತಿದಳು.

ಕೋಣೆಗೆ ಗಾಜಿನ ಗೋಡೆ. ಹೊರಗಿನ ಸೋಫಾದಲ್ಲಿ ಅವಳು ಕೂತಿದ್ದು ನನಗೆ ಕಾಣುತ್ತಿತ್ತು. ಒಳಗೆ ಮೂವರಿದ್ದರು: ನನ್ನ ವಯಸ್ಸಿನ ಸೇಲ್ಸ್ ಮುಖ್ಯಸ್ಥರು, ಮಾರ್ಕೆಟಿಂಗ್ ನೋಡಿಕೊಳ್ಳುವ ಯುವತಿ, ಎಚ್.ಆರ್.ನ ಹೆಂಗಸು. ನಾನು ಶುರು ಮಾಡಿದೆ. ಜಯನಗರದ ಹಳೇ ಮನೆಗಳ ಮೆಟ್ಟಿಲು ತಿರುವಿನಲ್ಲಿ ಎಷ್ಟು ಕಿರಿದು, ಅಲ್ಲಿ ಎಂಥ ಮಂಚ ಏರೀತು, ಎಂಥದ್ದು ಏರಲಾರದು ಎಂದು ವಿವರಿಸಿದೆ. ಸೇಲ್ಸ್ ಮುಖ್ಯಸ್ಥರು ನಕ್ಕು, ತಾವೂ ಒಂದು ಮಂಚವನ್ನು ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆಸಿದ್ದಾಗಿ ಹೇಳಿದರು. ಲಾರಿ ಬಂತು, ಡೆಲಿವರಿ ಎಂದೆ. ಕೊಡೆ ಬಂತು, ವಾರಂಟಿ ಎಂದೆ. ಕೊನೆಯ ಸ್ಲೈಡಿನವರೆಗೂ ನಾನು ಮೊದಲಿನ ಮನುಷ್ಯನೇ ಆಗಿದ್ದೆ. ಹಾಗೆ ನಿಂತು ಮಾತಾಡಿ ಎಷ್ಟು ಕಾಲವಾಗಿತ್ತೆಂದರೆ, ಮುಗಿಸಲು ಮನಸ್ಸೇ ಬರಲಿಲ್ಲ.

ಯುವತಿ ಹಿಂದಿನ ಸ್ಲೈಡೊಂದನ್ನು ಮತ್ತೆ ತೋರಿಸಲು ಹೇಳಿದಳು. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ.

“ಸಾರ್, ಒಂದು ಡೌಟು. ಇಲ್ಲಿ ಕೊಡೆ ಯಾಕಿದೆ?”

ನಾನು ಕೊಡೆಯನ್ನು ನೋಡಿದೆ. ಏನೂ ಬರಲಿಲ್ಲ. ಇಂಗ್ಲಿಷಿನಲ್ಲಿ ಹುಡುಕಿದೆ, ಕನ್ನಡದಲ್ಲಿ ಹುಡುಕಿದೆ. ಮಂಚ ಕೆಟ್ಟರೆ ನಾವು ಬಂದು ರಿಪೇರಿ ಮಾಡಿಕೊಡುತ್ತೇವೆ ಎಂದು ಬಿಡಿಸಿ ಹೇಳಿದ್ದರೂ ಸಾಕಿತ್ತು. ಅದೂ ತೋಚಲಿಲ್ಲ.

“ಮಳೆ,” ಎಂದೆ.

ಮೂವರೂ ಕಾದರು. ಸೇಲ್ಸ್ ಮುಖ್ಯಸ್ಥರು ನನ್ನನ್ನು ದಡ ಸೇರಿಸಲು ನೋಡಿದರು. “ಮಾನ್ಸೂನ್ ಆಫರ್ ಥರಾನಾ ಸಾರ್?”

ನಾನು ಹೌದೆಂದೆ. ಒಳ್ಳೆಯ ಐಡಿಯಾ ಎಂದು ಅವರು ಮುಂದೆ ವಾಲಿ, ಮಳೆಗಾಲದ ಆ ಆಫರಿನಲ್ಲಿ ಏನೇನು ಕೊಡುತ್ತೀರಿ ಎಂದು ಕೇಳಿದರು. ಇಲ್ಲದ ಆಫರಿನ ಬಗ್ಗೆ ನಾನು ಮಾತಾಡತೊಡಗಿದೆ. ನನಗೇ ಕೇಳಿಸುತ್ತಿತ್ತು: ಬಾಗಿಲು ಎಂದೆ, ಹಾಲು ಎಂದೆ, ಮತ್ತೆ ಬಾಗಿಲು ಎಂದೆ. ನಿಲ್ಲಿಸಲು ಆಗಲಿಲ್ಲ. ಎಚ್.ಆರ್.ನ ಹೆಂಗಸು ನನ್ನ ಮುಂದೆ ನೀರಿನ ಬಾಟಲಿ ಸರಿಸಿದಳು. ಯುವತಿ ತಲೆ ತಗ್ಗಿಸಿ ಕೂತಳು. ಗಾಜಿನಾಚೆ ನನ್ನ ಹೆಂಡತಿ ಎದ್ದು ನಿಂತಿದ್ದಳು. ಅವಳಿಗೆ ಒಂದು ಮಾತೂ ಕೇಳಿಸಿರಲಾರದು, ಆದರೂ ಎದ್ದು ನಿಂತಿದ್ದಳು.

ಥ್ಯಾಂಕ್ಯೂ ಹೇಳಿ ಹೊರಗೆ ಬಿಟ್ಟರು. ಎಚ್.ಆರ್.ನ ಹೆಂಗಸು ನನ್ನ ಹಿಂದೆಯೇ ಬಂದು, ನನ್ನನ್ನು ದಾಟಿ, ಹೆಂಡತಿಯ ಹತ್ತಿರ ಹೋಗಿ ನಿಂತಳು.

“ಮೇಡಂ, ಸಾರ್‌ಗೆ ಹುಷಾರಿಲ್ವಾ?”

“ಸ್ಟ್ರೋಕ್ ಆಗಿತ್ತು,” ಎಂದಳು ನನ್ನ ಹೆಂಡತಿ.

“ಮೊದಲೇ ಹೇಳಬೇಕಿತ್ತು ಮೇಡಂ. ಮನೆಗೆ ಕರ್ಕೊಂಡು ಹೋಗಿ, ರೆಸ್ಟ್ ಮಾಡಿಸಿ. ಪಾಪ, ಇನ್ನು ಓಡಾಡಿಸ್ಬೇಡಿ.”

ನಾನು ಲ್ಯಾಪ್‌ಟಾಪ್ ಚೀಲ ಹಿಡಿದು ಅವರಿಬ್ಬರ ನಡುವೆಯೇ ನಿಂತಿದ್ದೆ. ಆ ಹೆಂಗಸು ಒಳ್ಳೆಯವಳೇ. ಲಿಫ್ಟಿನ ಗುಂಡಿ ಒತ್ತಿ, ಅದು ಬರುವವರೆಗೂ ನಮ್ಮ ಜೊತೆ ನಿಂತಳು. ಹೋಗಿಬನ್ನಿ ಎಂದದ್ದೂ ನನ್ನ ಹೆಂಡತಿಗೇ.

ಬೇರೆಯವರು ಹೆಚ್ಚು ಸೂಕ್ತರೆನಿಸಿದರು ಎಂದು ಆಮೇಲೆ ಒಂದು ಮೇಲ್ ಬಂತು. ಅದು ಬಂದ ಮಾರನೆಯ ದಿನವೂ ಹೆಂಡತಿ ಶಾಲೆಯಿಂದ ಬಂದು ಕಾಲು ತೊಳೆದು ಕುರ್ಚಿಯ ಮೇಲೆ ಕೂತಳು. ಮಡಿವಾಳದ ಕಡೆಯ ಇನ್ನೊಂದು ಕಂಪನಿಗೂ ನಾವು ಅರ್ಜಿ ಹಾಕಿದ್ದೆವು.

“ಚಿತ್ರ ಎಲ್ಲಾ ತೆಗೆದು ಬೇರೆ ಥರ ಮಾಡೋಣ. ಶುರು ಮಾಡ್ತೀರಾ?”

“ಸಾಕು,” ಎಂದೆ.

ಆ ಪದ ಹುಡುಕಬೇಕಾಗಿ ಬರಲಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯುವ ಸದ್ದು ಕೇಳಿಸಿತು. ಪಾತ್ರೆ ತೊಳೆಯುವ ಸದ್ದು ಅದರಲ್ಲಿರಲಿಲ್ಲ.

ಈಗ ನಾನು ವಸಂತಪುರದ ಒಂದು ಗೋಡೌನಿನಲ್ಲಿದ್ದೇನೆ. ರೋಗಿಗಳ ಮನೆಗೆ ಮಂಚ ಬಾಡಿಗೆಗೆ ಕೊಡುವವರದು. ವಾಪಸು ಬಂದ ಮಂಚಗಳ ಸ್ಕ್ರೂ, ಗಾಲಿ, ಮೋಟರು ನೋಡುವುದು ನನ್ನ ಕೆಲಸ. ಕೆಲವು ಸಲ ಟೆಂಪೋದಲ್ಲಿ ಹೋಗಿ ನಾನೇ ತರುತ್ತೇನೆ. ಮಂಚ ವಾಪಸು ತಗೊಂಡು ಹೋಗಿ ಎಂದು ಫೋನ್ ಬಂದರೆ ಬಹುಪಾಲು ಅರ್ಥ ಒಂದೇ. ಆ ಮನೆಗಳಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ, ನಾನು ಮಾತಾಡಲಿ ಎಂದು ಬಯಸುವುದೂ ಇಲ್ಲ. ಸಂಬಳ ಹಿಂದಿನದಕ್ಕೆ ಹೋಲಿಸುವಂತಿಲ್ಲ.

ಹೋದ ತಿಂಗಳು ಜಯನಗರದ ಒಂದು ಮನೆಗೆ ಹೋಗಿದ್ದೆ. ಗಂಡನನ್ನು ಕಳೆದುಕೊಂಡ ವಯಸ್ಸಾದ ಹೆಂಗಸು ಬಾಗಿಲು ತೆಗೆದರು. ನಾನು ಮಂಚ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದರು.

“ಇದನ್ನ ಇನ್ನೊಬ್ಬರಿಗೆ ಕೊಡ್ತೀರಾ?” ಎಂದು ಕೇಳಿದರು.

ತೊಳೆದು, ಹೊಸ ಹಾಸಿಗೆ ಹಾಕಿ ಕೊಡುತ್ತೇವೆ ಎನ್ನಬೇಕಿತ್ತು. ಮೊದಲ ಪದವೇ ಸಿಗಲಿಲ್ಲ. ಸ್ಪ್ಯಾನರ್ ಹಿಡಿದು ಅವರ ಮುಖವನ್ನೇ ನೋಡುತ್ತ ನಿಂತೆ. ನಾನು ಅವರ ದುಃಖಕ್ಕೆ ಸುಮ್ಮನಾದೆ ಎಂದು ತಿಳಿದರೇನೋ, ಅವರ ಕಣ್ಣು ತುಂಬಿತು.

“ಇರಲಿ ಬಿಡಪ್ಪಾ. ನೀನಾದ್ರೂ ಅರ್ಥ ಮಾಡ್ಕೊಂಡೆ,” ಎಂದು ಒಳಗೆ ಹೋದರು.

ತೊಳೆದು ಎಂಬ ಆ ಪದ ಸಿಕ್ಕಿದ್ದು ಟೆಂಪೋ ಕನಕಪುರ ರಸ್ತೆಗೆ ತಿರುಗಿದ ಮೇಲೆ. ಆಗ ಡ್ರೈವರ್ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದ.