ಟಿಕ್ ಬೀಳದ ಪದ

ಸೋಪು ಕಾರ್ಖಾನೆಯ ಎಲೆಕ್ಟ್ರಿಷಿಯನ್‌ನನ್ನು ಎಲ್ಲರೂ ಫ್ಯೂಸಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಪ್ಯಾನಲ್ ರೂಮಿನಲ್ಲೇ ಕಳೆದ ಮನುಷ್ಯ. ಯಂತ್ರ ಕೆಟ್ಟರೆ ಅದರ ಸದ್ದು ಕೇಳಿಯೇ ಕಾಯಿಲೆ ಹೇಳಬಲ್ಲವ. ಅವನ ಕಣ್ಣಿಗೆ ಆಗಿಬರದ ವಸ್ತು ಒಂದೇ: ತೂಗಾಡುವ ವೈರು. ಮನೆಯಲ್ಲಿ ಫೋನಿನ ಚಾರ್ಜರು ಜೋತುಬಿದ್ದಿದ್ದರೂ ಅದನ್ನು ಸುತ್ತಿಟ್ಟೇ ಊಟಕ್ಕೆ ಕೂರುತ್ತಿದ್ದ.

ಅಂಥವನ ತಲೆಯ ಮೇಲೆ ಬಂತು ನೋಡಿ ಹೊಸ ವ್ಯವಸ್ಥೆ. ಯಂತ್ರಗಳನ್ನು ಶುರುಮಾಡಿ ನಿಲ್ಲಿಸುತ್ತಿದ್ದ ಹಳೆಯ ರಿಲೇಗಳೆಲ್ಲ ಗುಜರಿಗೆ ಹೋದವು. ಯಂತ್ರಗಳನ್ನು ನಡೆಸಲು ಪಿಎಲ್‌ಸಿ ಎಂಬ ಪೆಟ್ಟಿಗೆ, ಅವು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಈಥರ್ನೆಟ್ ಕೇಬಲ್ಲು ಬಂದವು. ಇದರ ಮೂವತ್ತು ಪದಗಳ ಪರೀಕ್ಷೆಯಲ್ಲಿ ಪಾಸಾದವರಿಗೆ ಪ್ಯಾನಲ್ ರೂಮು, ಉಳಿದವರಿಗೆ ಗೋಡೌನು ಎಂದರು ಮ್ಯಾನೇಜರು. ಐವತ್ತು ದಾಟಿದವನನ್ನು ಮತ್ತೆ ಶಾಲೆಗೆ ಹಾಕಿದ ಹಾಗಾಯಿತು. ಗೋಡೌನಿನಲ್ಲಿ ಡಬ್ಬ ಜೋಡಿಸುವುದೆಂದರೆ ಅವನಿಗೆ ಕೈ ಕತ್ತರಿಸಿದಂತೆ.

ಪದಗಳನ್ನು ಬಿಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟವಳು ಹೊಸದಾಗಿ ಸೇರಿದ ಎಂಜಿನಿಯರಮ್ಮ. ಒಪ್ಪಿಸಿಕೊಳ್ಳುತ್ತಿದ್ದವಳು ಹೆಂಡತಿ. ಹೊಲಿಗೆ ಮಿಷನ್ ತುಳಿಯುತ್ತಲೇ ಕೇಳುವಳು. ಉತ್ತರ ಸರಿಯಿದ್ದರೆ ಪದದ ಮುಂದೆ ಕೆಂಪು ಟಿಕ್.

"ಐಪಿ ವಿಳಾಸ ಅಂದ್ರೆ?"

"ಪ್ರತಿ ಯಂತ್ರಕ್ಕೂ ಒಂದು ಮನೆ ನಂಬರ್ ಕಣೇ. ಎರಡು ಮನೆಗೆ ಒಂದೇ ನಂಬರ್ ಇರಬಾರದು."

"ಸ್ವಿಚ್ಚು?"

"ಎಲ್ಲಾ ಕೇಬಲ್ ಬಂದು ಸೇರೋ ಪೆಟ್ಟಿಗೆ. ಯಾರ ಸುದ್ದಿ ಯಾರಿಗೆ ಹೋಗ್ಬೇಕು ಅಂತ ನೋಡಿ ಕಳಿಸುತ್ತೆ."

"ಲೂಪ್?"

ಫ್ಯೂಸಣ್ಣ ತಲೆ ಕೆರೆದುಕೊಂಡ. "ಅದೊಂದು ಬಿಟ್ಬಿಡೇ. ಬಾಯಿಪಾಠ ಆಗುತ್ತೆ, ತಲೆಗೆ ಹತ್ತಲ್ಲ."

"ತಲೆಗೆ ಹತ್ತೋವರೆಗೂ ಟಿಕ್ ಹಾಕಲ್ಲ," ಎಂದಳು. ಮಹಾ ಹಟಮಾರಿ ಹೆಂಗಸು.

ಕೊನೆಗೆ ಇಪ್ಪತ್ತೊಂಬತ್ತು ಪದಕ್ಕೆ ಟಿಕ್ ಬಿತ್ತು, ಲೂಪ್ ಮಾತ್ರ ಉಳಿಯಿತು. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಪ್ಯಾನಲ್ ರೂಮಿಗೆ ಹೋದರೆ, ಸ್ವಿಚ್ಚಿನಿಂದ ಒಂದು ಕೇಬಲ್ಲು ಮೊಣಕಾಲಿನವರೆಗೆ ತೂಗಾಡುತ್ತಿತ್ತು. ಎಂಜಿನಿಯರಮ್ಮ ತನ್ನ ಲ್ಯಾಪ್‌ಟಾಪಿಗೆ ಚುಚ್ಚಿಕೊಳ್ಳಲೆಂದು ಬಿಟ್ಟದ್ದು. ಇವನ ಕೈ ಸುಮ್ಮನಿರಬೇಕಲ್ಲ! ಆ ತುದಿಯನ್ನೂ ಅದೇ ಸ್ವಿಚ್ಚಿನ ಖಾಲಿ ಪೋರ್ಟಿಗೆ ಒತ್ತಿ, ಈಗ ಅಚ್ಚುಕಟ್ಟಾಯಿತೆಂದು ಚಹಾ ಕುಡಿಯಲು ಹೋದ.

ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ಯಂತ್ರಗಳು ಒಂದೊಂದಾಗಿ ನಿಂತವು. ಓಡಿಬಂದಾಗ ಮ್ಯಾನೇಜರು ಎಂಜಿನಿಯರಮ್ಮನ ಮೇಲೆ ಹರಿಹಾಯುತ್ತಿದ್ದರು. "ನಿನ್ನೆ ಪ್ರೋಗ್ರಾಂ ಮುಟ್ಟಿದ್ದು ನೀವೇ ತಾನೆ? ಸೇರಿ ಮೂರು ತಿಂಗಳಾಗಿಲ್ಲ. ನಾಳೆಯಿಂದ ಕೆಲಸಕ್ಕೆ ಬರೋದು ಬೇಡ." ಹುಡುಗಿ ಬಿಳಿಚಿಕೊಂಡು ಲ್ಯಾಪ್‌ಟಾಪನ್ನೇ ನೋಡುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವಳು ಇನ್ನೊಬ್ಬಳು.

ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಒಟ್ಟಿಗೆ ಮಿಣುಕುತ್ತಿದ್ದವು. ಫ್ಯೂಸಣ್ಣನಿಗೆ ಟಿಕ್ ಬೀಳದ ಪದ ನೆನಪಾಯಿತು. ಮೆಲ್ಲಗೆ ಹೋಗಿ ತಾನು ಚುಚ್ಚಿದ್ದ ಕೇಬಲ್ಲು ಕಿತ್ತ. ದೀಪಗಳು ತಣ್ಣಗಾದವು, ಸ್ವಲ್ಪ ಹೊತ್ತಿನಲ್ಲಿ ಬೆಲ್ಟುಗಳು ಮತ್ತೆ ಓಡಿದವು. ಕಿತ್ತದ್ದನ್ನು ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಪ್ಯಾನಲ್ ರೂಮು ಅವನದೇ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಹಾಗೆಂದು ಯೋಚಿಸಿಯೂ ಯೋಚಿಸಿದ.

"ಸಾರ್, ಅವರದ್ದೇನೂ ತಪ್ಪಿಲ್ಲ. ಯಂತ್ರ ನಿಂತಿದ್ದು ಈ ಕೇಬಲ್ಲಿಂದ. ಇದನ್ನ ಚುಚ್ಚಿದ್ದು ನಾನು," ಎಂದ.

ಮ್ಯಾನೇಜರು ಎಂಜಿನಿಯರಮ್ಮನಿಗೆ ಕೆಲಸ ನೋಡಿಕೊಳ್ಳಲು ಹೇಳಿ ಇವನತ್ತ ತಿರುಗಿದರು. "ಹಾಗಾದ್ರೆ ನಿಮಗೆ ಪರೀಕ್ಷೆ ಬೇಡ. ನಾಳೆ ಗೋಡೌನಿಗೆ ಹೋಗಿ."

ಸಂಜೆ ಹೆಂಡತಿ ನೋಟ್‌ಬುಕ್ ಹಿಡಿದೇ ಕೂತಿದ್ದಳು. ಚಪ್ಪಲಿ ಬಿಡುತ್ತ ಎಲ್ಲ ಹೇಳಿದ. ಅವಳಿಗೂ ಸಂಕಟವಾಯಿತು. ಆದರೂ ನೋಟ್‌ಬುಕ್ ಬಿಡಿಸಿ, "ಲೂಪ್ ಅಂದ್ರೆ?" ಎಂದು ಕೇಳಿದಳು.

"ಇನ್ಯಾಕೆ ಅದು?"

"ಹೇಳ್ರೀ."

"ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಹಾಕಿದ್ರೆ, ಹೊರಟ ಸುದ್ದಿ ಹೊರಟಲ್ಲಿಗೇ ವಾಪಸ್ ಬರುತ್ತೆ. ಸುತ್ತಿ ಸುತ್ತಿ ಒಂದು ಸಾವಿರ ಆಗುತ್ತೆ. ಆಮೇಲೆ ಯಾರ ಮಾತೂ ಯಾರಿಗೂ ಮುಟ್ಟಲ್ಲ."

ಹೆಂಡತಿ ಕೆಂಪು ಪೆನ್ನು ತೆಗೆದು ಆ ಪದದ ಮುಂದೆ ಟಿಕ್ ಹಾಕಿದಳು. "ಮೂವತ್ತಕ್ಕೆ ಮೂವತ್ತು," ಎಂದು, ಊಟಕ್ಕೆ ತಟ್ಟೆ ಇಟ್ಟಳು.