ಓರ್ಕರ ಪಟ್ಟಣದ ಗೋಮಾಳ

ನಗರಗಳು ಹುಟ್ಟುವುದು ನದಿಯ ದಡದಲ್ಲಿ ಎಂದು ಮೂವತ್ತೆರಡು ವರ್ಷ ಮಕ್ಕಳಿಗೆ ಗಂಭೀರವಾಗಿ ಪಾಠ ಹೇಳಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವ ಏಕೈಕ ನಗರ ಹುಟ್ಟಿದ್ದು ತೂಬಗೆರೆಯ ಹಾಲಿನ ಡೈರಿಯ ಜಗಲಿಯ ಮೇಲೆ, ಇನ್ನೂರು ಪುಟದ ಒಂದು ನೋಟುಪುಸ್ತಕದಲ್ಲಿ.

ಅಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ನಾನೂ ಮುನಿಶಾಮಪ್ಪನವರೂ ಟೀ ಕುಡಿಯುತ್ತಿದ್ದೆವು. ಅವರು ನಿವೃತ್ತ ಸರ್ವೆಯರು, ನಾನು ನಿವೃತ್ತ ಮೇಷ್ಟ್ರು, ಮದುವೆಯ ವಿಷಯ ಮರೆತವನು. ಒಮ್ಮೆ ತಂಗಿಯ ಮೊಮ್ಮಗಳು ಮೊಬೈಲಿನಲ್ಲಿ ಒಂದು ಆಟ ತೋರಿಸಿದಳು. ಅದರಲ್ಲಿ ಓರ್ಕ್ ಎಂಬ ಹಸಿರು ಮೈಯ, ಕೋರೆಹಲ್ಲಿನ ಜನ. ಸಾಲುಸಾಲಾಗಿ ಓಡಿಬಂದು ಸಾಯುವುದು ಅವರ ಕಸುಬು. ಇದನ್ನು ಜಗಲಿಯಲ್ಲಿ ಹೇಳಿದಾಗ ಮುನಿಶಾಮಪ್ಪನವರು ಒಂದೇ ಪ್ರಶ್ನೆ ಕೇಳಿದರು: ಸಾಯದೆ ಉಳಿದ ದಿನ ಅವರು ಊಟಕ್ಕೇನು ಮಾಡುತ್ತಾರೆ?

ನೋಟುಪುಸ್ತಕದಲ್ಲಿ ಅದಕ್ಕೆ ಉತ್ತರ ಬರೆಯುತ್ತ ನಮ್ಮಿಬ್ಬರಿಗೂ ಎರಡು ವರ್ಷ ಕಳೆಯಿತು. ಓರ್ಕರು ಬೆಳೆಯುವುದು ರಾಗಿ. ಕಮ್ಮಾರರು ಒಂಬತ್ತು ತಿಂಗಳು ಕತ್ತಿ, ಸುಗ್ಗಿಯಲ್ಲಿ ಕುಡುಗೋಲು ಬಡಿಯುತ್ತಾರೆ. ಮಂಗಳವಾರ ಸಂತೆಯಾದ್ದರಿಂದ ಅಂದು ಯುದ್ಧವಿಲ್ಲ. ಕೋರೆಹಲ್ಲು ಅರ ಹಾಕುವವನೇ ಊರಿನ ಸುದ್ದಿಪತ್ರಿಕೆ. ಬಾಯಿ ತೆರೆದು ಕೂತ ಗಿರಾಕಿ ಎದುರಾಡಲಾರ. ನಕ್ಷೆ ಎಳೆದವರು ಮುನಿಶಾಮಪ್ಪನವರು. ಊರ ದನ ಮೇಯಲು ನಡುವೆ ಗೋಮಾಳ ಬಿಟ್ಟು, ನಮಗೂ ಒಂದೊಂದು ಮನೆ ಗುರುತು ಮಾಡಿದ್ದರು. ಗೋಮಾಳದ ಪೂರ್ವಕ್ಕೆ ಅವರದ್ದು, ಪಶ್ಚಿಮಕ್ಕೆ ನನ್ನದು.

ಆಮೇಲೆ ಅವರು ಹೆಂಡತಿಯ ಹರಕೆಗೆಂದು ಶಿವಗಂಗೆಗೆ ಹೋಗಿ ಮೂರು ದಿನ ಬರಲಿಲ್ಲ. ಆ ಮೂರು ದಿನದಲ್ಲಿ ನಾನು ಅಭಿವೃದ್ಧಿಗೆ ಕೈಹಾಕಿದೆ. ಗೋಮಾಳವನ್ನು ಲೇಔಟ್ ಮಾಡಿದೆ. ಸೈಟಿನ ಕಲ್ಲುಗಳಿಗೆ ಬಣ್ಣ, ಮುಂದೊಂದು ಕಮಾನು. ಸುತ್ತಮುತ್ತ ದಿನವೂ ಕಾಣುವುದೇ ಅದು. ಅವರು ನಗುತ್ತಾರೆ ಅಂದುಕೊಂಡಿದ್ದೆ.

ನಾಲ್ಕನೆಯ ದಿನ ಬಂದ ಅವರು ನಕ್ಷೆ ನೋಡಿದರು. “ಮೂವತ್ತು ವರ್ಷ ಸರಪಳಿ ಹಿಡ್ದೆ ಮೇಷ್ಟ್ರೇ, ಒಂದು ಗೋಮಾಳಾನೂ ಉಳಿಸಕ್ಕಾಗ್ಲಿಲ್ಲ. ಇದೊಂದಿತ್ತು. ಇದನ್ನೂ ಸೈಟ್ ಮಾಡ್ಬಿಟ್ರಾ?” ಎಂದು ಅರ್ಧ ಟೀ ಬಿಟ್ಟು ಎದ್ದುಹೋದರು. ಮಾರನೆಯ ದಿನದಿಂದ ಅವರ ಮನೆಯ ಹಾಲನ್ನು ಡೈರಿಗೆ ಹಾಕಲು ಸೊಸೆ ಬರತೊಡಗಿದಳು.

ಎರಡು ತಿಂಗಳು ನಾನೊಬ್ಬನೇ ರಾಜ್ಯಭಾರ ಮಾಡಿದೆ. ನಿರಂಕುಶ ಪ್ರಭುತ್ವದ ಬಗ್ಗೆ ತರಗತಿಯಲ್ಲಿ ಏನೇನೋ ಹೇಳಿದ್ದೆ. ಅದು ಇಷ್ಟು ಬೇಜಾರಿನ ಕೆಲಸ ಎಂದು ಪಠ್ಯಪುಸ್ತಕದಲ್ಲಿರಲಿಲ್ಲ. ಓರ್ಕರು ಎಲ್ಲದಕ್ಕೂ ಒಪ್ಪತೊಡಗಿದರು. ಅರ ಹಾಕುವವನ ಬಳಿ ಸುದ್ದಿ ಮುಗಿಯಿತು. ಸಂತೆಯಲ್ಲಿ ಚೌಕಾಸಿ ಮಾಡುವವರೂ ನನ್ನ ದನಿಯಲ್ಲೇ ಮಾತಾಡಿ ನನ್ನ ದನಿಯಲ್ಲೇ ಸೋಲುತ್ತಿದ್ದರು. ಪಶ್ಚಿಮದ ನನ್ನ ಮನೆಯಲ್ಲಿ ದೀಪವಿತ್ತು. ಪೂರ್ವದ ಮನೆಗೆ ಏನು ಬರೆಯಬೇಕೆಂದು ತೋಚದೆ ಹಾಗೇ ಬಿಟ್ಟೆ. ಈಚೆ, ಜಗಲಿಯ ಮೇಲೆ, ಟೀ ಮಾತ್ರ ಬಿಸಿಯಾಗಿರುತ್ತಿತ್ತು.

ಕೊನೆಗೆ ಕಮಾನು, ಬಣ್ಣದ ಕಲ್ಲು ಎಲ್ಲ ರಬ್ಬರಿನಿಂದ ಅಳಿಸಿದೆ. ಅಳಿಸಿದ ಮೇಲೆ ಗೋಮಾಳದ ಗಡಿ ಎಲ್ಲಿತ್ತೆಂದೇ ತಿಳಿಯಲಿಲ್ಲ. ಆಗ ಮುನಿಶಾಮಪ್ಪನವರು ಪದೇಪದೇ ಹೇಳುತ್ತಿದ್ದ ಸರ್ವೆ ಇಲಾಖೆಯ ನಿಯಮ ನೆನಪಾಯಿತು: ಪಕ್ಕದ ಜಮೀನಿನವನಿಗೆ, ಅಂದರೆ ಬಾಜುದಾರನಿಗೆ, ನೋಟಿಸು ಕೊಡದೆ ಗಡಿ ಅಳೆದು ಹದ್ದುಬಸ್ತು ಮಾಡುವಂತಿಲ್ಲ. ನನ್ನ ಜಾಗ ಎಲ್ಲಿಗೆ ಮುಗಿಯುತ್ತದೆಂದು ಹೇಳಲು ಆಚೆ ಕಡೆ ಒಬ್ಬ ಇರಬೇಕು. ಸರ್ಕಾರದ ಕಾಗದದಲ್ಲಿ ಇಂಥ ಮಾತೂ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಬಿಳಿಹಾಳೆಯ ಮೇಲೆ ಬರೆದೆ: “ಓರ್ಕರ ಪಟ್ಟಣದ ಗೋಮಾಳದ ಹದ್ದುಬಸ್ತಿಗಾಗಿ ಪೂರ್ವದ ಬಾಜುದಾರರಾದ ತಾವು ಬರುವ ಗುರುವಾರ ಬೆಳಿಗ್ಗೆ ಏಳಕ್ಕೆ ಡೈರಿಯ ಜಗಲಿಯಲ್ಲಿ ಖುದ್ದು ಹಾಜರಿರತಕ್ಕದ್ದು. ಒತ್ತುವರಿದಾರ ತಪ್ಪೊಪ್ಪಿಕೊಂಡಿರುತ್ತಾನೆ.” ಅವರ ಸೊಸೆಯ ಹಾಲಿನ ಕ್ಯಾನಿನ ಹಿಡಿಗೆ ಕಟ್ಟಿ ಕಳಿಸಿದೆ.

ಗುರುವಾರ ಏಳೂವರೆಗೆ ಮುನಿಶಾಮಪ್ಪನವರು ಬಂದರು. ಸ್ಕೇಲು ತಂದಿದ್ದರು. ಇಬ್ಬರೂ ಕೂತು ನಕ್ಷೆಯಲ್ಲಿ ಅಳೆದಾಗ ಗೋಮಾಳ ಹನ್ನೊಂದು ಎಕರೆ ಇಪ್ಪತ್ತು ಗುಂಟೆ ಬಂತು.