ಸಿಡಿಲು ಹೊಡೆದದ್ದಲ್ಲ

ಗಿರಿಜಕ್ಕ, ಸಿಡಿಲು ಹೊಡೆದು ನಿಮ್ಮ ಅಬ್ಬೆಯ ದನಿ ಹೋಯಿತು ಎಂದು ನಾನು ಹೇಳಿದ್ದು ಸುಳ್ಳು. ಕಳೆದದ್ದು ನಾನು. ಎಂಟು ವರ್ಷದಿಂದ ನೀವು ಮಳೆಗಾಲದ ಆಕಾಶಕ್ಕೆ ಬೈಯುತ್ತಿದ್ದೀರಿ — ಆ ಬೈಗುಳ ನನಗೆ ಸಲ್ಲಬೇಕಾದದ್ದು.

ನಿಮಗೆ ಗೊತ್ತಿದ್ದದ್ದನ್ನೂ ಹೇಳುತ್ತೇನೆ, ಓದುವ ಬೇರೆಯವರಿಗೂ ತಿಳಿಯಲಿ. ನಾವುಂದ ಪೇಟೆಯಲ್ಲಿ ನನ್ನದು ರೇಡಿಯೋ, ಟೇಪ್ ರಿಪೇರಿಯ ಅಂಗಡಿ. ನಿಮ್ಮ ಅಬ್ಬೆ ಮೀನು ಮಾರುತ್ತಿದ್ದವರು, ಅಕ್ಷರ ಬಾರದು. ಬೊಂಬಾಯಿ ಹೋಟೆಲಿನಲ್ಲಿದ್ದ ನಿಮ್ಮಣ್ಣ ಮಾಧವಣ್ಣನಿಗೆ ಕಾಗದ ಬರೆಸಬೇಕೆಂದರೆ ಮನೆಯ ಗುಟ್ಟು ಇನ್ನೊಬ್ಬರ ಮುಂದೆ ಬಿಚ್ಚಬೇಕಲ್ಲ! ಅದಕ್ಕೇ ಟೇಪಿನ ಎದುರು ಕೂತು ಮಾತಾಡಿ, ಒಣಮೀನಿನ ಕಟ್ಟಿನ ಜೊತೆ ಕ್ಯಾಸೆಟ್ಟನ್ನೇ ಕಳಿಸುತ್ತಿದ್ದರು. ಅವರು ತೀರಿಹೋದ ಮೇಲೆ ಅಣ್ಣ ಹನ್ನೊಂದು ಕ್ಯಾಸೆಟ್ ತಂದು ನಿಮ್ಮ ಕೈಗಿತ್ತರು. ಬೂಸು ಹಿಡಿಯುವ ಮೊದಲೇ ಕಂಪ್ಯೂಟರಿಗೆ ಹಾಕಿಕೊಡಿ ಎಂದು ನೀವು ನಮ್ಮ ಮನೆಗೆ ತಂದಿರಿ.

ಹಾಕಿದೆ. ಟೇಪು ಓಡಿದಷ್ಟು ಹೊತ್ತೂ ಕೂತು ಹನ್ನೊಂದನ್ನೂ ಕೇಳಿದೆ. ನೀವು ಮೊದಲನೆಯದನ್ನು ಹತ್ತು ನಿಮಿಷ ಕೇಳಿದಿರಿ, ಸೆರಗು ಕಣ್ಣಿಗೆ ಹೋಯಿತು. “ಸಾಕ್, ನಿಲ್ಸಿ. ಅಣ್ಣ ಊರಿಗ್ ಬರ್ಲಿ, ಒಟ್ಟಿಗ್ ಕೂತ್ ಕೇಂಬ” ಎಂದಿರಿ. ಹೊರಡುವಾಗ ಕೇಳಿದಿರಿ: “ಇನ್ ಈ ಕ್ಯಾಸೆಟ್ ಎಂತ ಮಾಡುದ್ ಮಾರಾಯ್ರೆ?”

ನಾನು ನಗಾಡುತ್ತ ಅಂದೆ — “ಗದ್ದಿಗ್ ಕಟ್ಟಿ ಅಕ್ಕ, ಹಕ್ಕಿ ಬಪ್ಪುದಿಲ್ಲ. ನನ್ನತ್ರ ಮೂರ್ ಡಿಸ್ಕ್ ಇತ್ತ್. ಒಂದ್ ಹೋರೂ ಎರಡ್ ಉಳಿತ್.”

ನೀವು ಕಟ್ಟಿಯೇ ಬಿಟ್ಟಿರಿ. ಗದ್ದೆಬೈಲಿನ ತುದಿಯಿಂದ ತುದಿಗೆ ಎಳೆದ ಕಪ್ಪು ಟೇಪು ಬಿಸಿಲಿಗೆ ಹೊಳೆಯುತ್ತ, ಗಾಳಿಗೆ ಗುಂಯ್ ಎನ್ನುತ್ತಿದ್ದದ್ದನ್ನು ನಾನೇ ಕಂಡೆ. ಕಂಡೂ ಸುಮ್ಮನಿದ್ದೆ.

ಬೇಡ ಎಂದಿದ್ದರೆ ಮೂರು ಡಿಸ್ಕಿನ ಮಾತು ಬರೀ ಜಂಬದ್ದು ಎಂದು ಒಪ್ಪಬೇಕಿತ್ತು. ಹಳೇ ಕಂಪ್ಯೂಟರುಗಳಿಂದ ಕಳಚಿದ ಮೂರನ್ನು ಜೋಡಿಸಿ ಒಂದೇ ಎಂಬಂತೆ ಮಾಡಿಕೊಂಡಿದ್ದೆ. ಕಡಲ ಕರೆಯಲ್ಲಿ ಒಬ್ಬೊಬ್ಬರ ಬಲೆಯ ತುಂಡು ಕಟ್ಟಿ ದೊಡ್ಡ ಬಲೆ ಮಾಡುತ್ತಾರಲ್ಲ, ಹಾಗೆ. ಜಾಗವೇನೋ ದೊಡ್ಡದಾಯಿತು. ಆದರೆ ಒಂದು ತುಂಡು ಹರಿದರೆ ಉಳಿದೆರಡರಲ್ಲಿ ಮೀನು ನಿಲ್ಲುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಮಾಧವಣ್ಣ ನನಗಿಂತ ಜಾಣ. ಊರಿಗೆ ಬರುವವರ ಕೈಯಲ್ಲಿ ಒಂದು ಹೊಸ ಡಿಸ್ಕ್ ಕಳಿಸಿ, ಫೋನು ಮಾಡಿ ಹೇಳಿದ್ದರು: “ಹ್ವಾಯ್, ಅದ್ರಾಗೆ ಅಬ್ಬೆ ದನಿ ಬಿಟ್ರೆ ಬೇರೆ ಎಂತದೂ ಹಾಕ್ಬೇಡಿ. ಕಾಪಿ ಮಾಡಿ ಗಿರ್ಜನ ಕೈಯಾಗೆ ಕೊಡಿ.”

ಕೊಡಲಿಲ್ಲ. ಆ ವಾರವೇ ನನ್ನ ತಂಗಿಯ ಮಗಳ ಮದುವೆ, ಅದರ ವಿಡಿಯೋಕ್ಕೆ ಜಾಗ ಸಾಲಲಿಲ್ಲ. ಸದ್ಯಕ್ಕೆ ಇರಲಿ ಎಂದು ನಿಮ್ಮ ಡಿಸ್ಕನ್ನೂ ಆ ಮೂರರ ಜೊತೆ ನಾಲ್ಕನೆಯದಾಗಿ ಕಟ್ಟಿದೆ. ಸದ್ಯಕ್ಕೆ — ನಮ್ಮಜ್ಜಿ ಹೇಳುತ್ತಿದ್ದಳು, ಸದ್ಯಕ್ಕೆ ಎಂದವನ ಮನೆಮಾಡು ಮೂರು ಮಳೆಗಾಲ ಸೋರುತ್ತದೆ ಎಂದು.

ನಾಲ್ಕರಲ್ಲಿ ತೀರ ಹಳೆಯದು ಒಂದು ಬೆಳಿಗ್ಗೆ ಟಕ್ ಟಕ್ ಎಂದು ನಿಂತಿತು. ಮದುವೆಯೂ ಹೋಯಿತು, ಅಬ್ಬೆಯೂ ಹೋದರು. ಕುಂದಾಪುರದಲ್ಲಿ ತೋರಿಸಿದೆ, ಆಗುವುದಿಲ್ಲ ಎಂದರು. ಎರಡು ದಿನದ ಹಿಂದಷ್ಟೇ ನಿಮ್ಮ ಮನೆಯ ಹತ್ತಿರದ ತೆಂಗಿನಮರಕ್ಕೆ ಸಿಡಿಲು ಬಿದ್ದಿತ್ತು. ನೀವು ಬಾಗಿಲಲ್ಲಿ ನಿಂತು ಕೇಳಿದಾಗ ಬಾಯಿಗೆ ಅದೇ ಬಂತು: “ಸಿಡ್ಲ್ ಹೊಡ್ದ್ ಹೋಯ್ತ್ ಅಕ್ಕ.”

ನೀವು ನನ್ನನ್ನೇ ಸಮಾಧಾನ ಮಾಡಿದಿರಿ. “ಪಾಪ, ನಿಮ್ ಕಂಪ್ಯೂಟರೂ ಹೋಯ್ತಲೆ!” ಮರುದಿನ ಬಂಗುಡೆ ಮೀನಿನ ಪುಳಿಮುಂಚಿ ಕಳಿಸಿದಿರಿ. ನಾನು ಉಂಡೆ.

ಅಂದಿನಿಂದ ಮೋಡ ಕಪ್ಪಾದರೆ ನೀವು ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತೀರಿ. “ಗುಡುಗ್ ಕೆಮ್ಮಿರೂ ಸಾಕ್, ಗಿರ್ಜಕ್ಕನ್ ಮನಿ ಟಿವಿ ಬಂದ್” ಎಂದು ಕೇರಿಯವರು ನಗಾಡುತ್ತಾರೆ. ನಾನೂ ಅವರೊಟ್ಟಿಗೆ ನಕ್ಕಿದ್ದೇನೆ.

ಹೋದ ತಿಂಗಳು ನೀವು ಅಂಗಡಿಗೆ ಬಂದು ಕೇಳಿದಿರಿ — “ನೀವ್ ಎಲ್ಲ ಕೇಂಡಿದ್ರಿ ಅಲ್ದಾ? ಅಬ್ಬೆ ನನ್ ಸುದ್ದಿ ಎಂತಾರೂ ಹೇಳಿತ್ತಾ? ಅಣ್ಣಂಗೆ ನೆನಪಿಲ್ಲ ಗಡ.” ನಾನು ರೇಡಿಯೋದೊಳಗೆ ತಲೆ ಹಾಕಿ, “ನಂಗೂ ನೆನಪಿಲ್ಲ ಅಕ್ಕ” ಎಂದೆ. ಅದು ಎರಡನೆಯ ಸುಳ್ಳು.

ಹೇಳಿದ್ದರು. ಒಂದು ಕ್ಯಾಸೆಟ್ಟಿನ ಕೊನೆಗೆ, ಬುಟ್ಟಿ ಸರಿಸಿದ ಸದ್ದು, ಆಮೇಲೆ — “ಮಾಧವಾ, ಗಿರ್ಜ ಬಾಯ್ಬಿಟ್ಟ್ ಎಂತದೂ ಹೇಳುದಿಲ್ಲ. ಆರೂ —”

ಆದರೂ ಏನು? ಅಲ್ಲಿಂದ ಮುಂದೆ ನನಗೆ ಬರುವುದಿಲ್ಲ. ಒಂದು ಉದ್ದದ ಮಾತಿತ್ತು, ಕೊನೆಗೆ ಅವರು ನಕ್ಕರು, ಇಷ್ಟೇ. ಈ ತಿಂಗಳೆಲ್ಲ ನೆನಪಿನಲ್ಲಿ ಹುಡುಕಿದೆ. ಕತೆ ಹೇಳಿ ಪಳಗಿದ ಬಾಯಿ ನನ್ನದು — ನಿಮ್ಮ ಕಣ್ಣು ತುಂಬುವಂಥ ಒಂದು ಮಾತನ್ನು ಅಲ್ಲಿ ಜೋಡಿಸುವುದು ಕಷ್ಟವಲ್ಲ. ಜೋಡಿಸುವುದಿಲ್ಲ.

ನಾಳೆ ಬೆಳಿಗ್ಗೆ ನಿಮ್ಮ ಜಗಲಿಗೆ ಬಂದು ಇದನ್ನು ನಾನೇ ಓದುತ್ತೇನೆ. ಆ ‘ಆರೂ’ ಬಂದಲ್ಲಿ ನಿಲ್ಲಿಸುತ್ತೇನೆ.